ಅಪ್‌ಡೇಟ್: ರ‍್ಯಾಪ್ಟರ್ ಬಿಟ್ಟು ಟ್ರೆಮರ್ ತಗೊಂಡೆವು

ಅರಿಜೋನಾದಲ್ಲಿ ಮರುಭೂಮಿ ಸುತ್ತಾಟಕ್ಕೂ 7,000 ಪೌಂಡಿನ ಕ್ಯಾಂಪಿಂಗ್ ಟ್ರೇಲರ್ ಎಳೆಯೋಕೂ ಫೋರ್ಡ್ ಕಂಪನಿಯ ಪಿಕಪ್ ಟ್ರಕ್ ಎಫ್-150 ರ‍್ಯಾಪ್ಟರ್ ಸರಿಹೋಗುತ್ತಾ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಓಡಿಸಿ ನೋಡಿದೆವು. ಅಬ್ಬಾ, ಏನು ಗಾಡಿ! 450 ಅಶ್ವಶಕ್ತಿ ಇದೆ ನಿಜ, ಆದರೆ ನನ್ನ ಮನಸ್ಸು ಗೆದ್ದದ್ದು ಸಸ್ಪೆನ್ಷನ್. 35 ಇಂಚಿನ ಟೈರ್ ಇರುವ ಮಾದರಿಯಲ್ಲಿ ಹಿಂದಿನ ಚಕ್ರ ಸುಮಾರು 15 ಇಂಚು ಮೇಲೆ ಕೆಳಗೆ ಆಡುತ್ತದೆ. ಗುಂಡಿ ಬಿದ್ದ ಮಣ್ಣಿನ ದಾರಿಯಲ್ಲಿ ವೇಗವಾಗಿ ಹೋದರೂ ಮೈ ಕುಲುಕುವುದಿಲ್ಲ.

ಅಡ್ಡಿ ಬಂದದ್ದೂ ಅದೇ ಸಸ್ಪೆನ್ಷನ್. ಅಷ್ಟು ಮೆತ್ತಗಿನ ಸ್ಪ್ರಿಂಗ್ ಮೇಲೆ ಜಾಸ್ತಿ ಭಾರ ಹೇರೋಕಾಗಲ್ಲ. 8,200 ಪೌಂಡ್ ಎಳೆಯುತ್ತದೆ, ಆದರೆ ತನ್ನ ಮೇಲೆ ಹೊರುವುದು ಸುಮಾರು 1,400 ಪೌಂಡ್ ಮಾತ್ರ. ನಮ್ಮ ಟ್ರೇಲರ್ ಗಾಡಿಯ ಕೊಂಡಿಯ ಮೇಲೆ ಹೇರುವ ಭಾರವೇ ಸುಮಾರು 900 ಪೌಂಡ್. ನಾವು ನಾಲ್ಕು ಜನ ಕೂತರೆ ಇನ್ನೊಂದು 600. ಅಲ್ಲಿಗೆ ಲೆಕ್ಕ ಮೀರಿತು, ಸಾಮಾನು ಇನ್ನೂ ಹಾಕಿಲ್ಲ! ಬ್ರೋಷರ್ ಬಿಡಿ, ಗಾಡಿ ಎಷ್ಟು ಹೊರಬಹುದು ಎಂದು ಬರೆದಿರುವ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕರ್ ಓದಿ ಎಂದವರಿಗೆ ವಿಶೇಷ ಥ್ಯಾಂಕ್ಸ್. ಅಗಲವೂ ಸುಮಾರು 87 ಇಂಚು, ನಮ್ಮ ಗ್ಯಾರೇಜಿಗೆ ಕಷ್ಟ. ಮೈಲೇಜ್ ಗ್ಯಾಲನ್‌ಗೆ 16 ಮೈಲಿ ಆಸುಪಾಸು.

ಕೊನೆಗೆ ಅದೇ ಎಫ್-150ರ ಇನ್ನೊಂದು ಮಾದರಿ ಟ್ರೆಮರ್ ತಗೊಂಡೆವು. 33 ಇಂಚಿನ ಟೈರ್ ಇದೆ, ಸ್ಟಿಕರ್ ಪ್ರಕಾರ ಜಾಸ್ತಿ ಹೊರುತ್ತದೆ. ಮರಳಿನಲ್ಲಿ ಹಾರಿಸೋ ಗಾಡಿ ಇದಲ್ಲ. ಟ್ರೇಲರ್ ಇಲ್ಲದವರಾದರೆ ರ‍್ಯಾಪ್ಟರನ್ನೇ ತಗೊಳ್ಳಿ ಎಂದು ಈಗಲೂ ಹೇಳುತ್ತೇನೆ.