ಅಪ್‌ಡೇಟ್: ಇಮೇಲ್ ಕಡಿಮೆ ಮಾಡಲಾ ಎಂದು ಕೇಳಿದ್ದೆ, ಉತ್ತರ ಬೇರೆಯೇ ಇತ್ತು

ನಮ್ಮ ಸೇವಾ ಸಂಸ್ಥೆಯ ಇಮೇಲ್ ಪಟ್ಟಿಯಿಂದ ಜನ ಹೊರಹೋಗುತ್ತಿದ್ದಾರೆ, ವಾರಕ್ಕೊಂದರ ಬದಲು ತಿಂಗಳಿಗೊಂದು ಕಳಿಸಲಾ ಎಂದು ಕೇಳಿದ್ದೆ. ಯಾರಿಗೆ ಏನು ಹೋಗುತ್ತಿದೆ ಅದನ್ನು ಮೊದಲು ನೋಡಿ ಎಂದು ಹಲವರು ಹೇಳಿದಿರಿ. ಅದೇ ಸರಿಯಾದ ಮಾತು.

ಪಟ್ಟಿಯನ್ನು ಬೇರ್ಪಡಿಸಿದೆವು. ನಿನ್ನೆ ತಾನೇ ಹಣ ಕೊಟ್ಟವರಿಗೆ ಇವತ್ತು ಮತ್ತೆ ಕೇಳಿದರೆ ಬೇಸರ ಆಗುತ್ತದೆ ಅಲ್ವಾ? ಈಗ ಅವರಿಗೆ ಮೊದಲು ಧನ್ಯವಾದ, ಆಮೇಲೆ ಆ ಹಣದಿಂದ ಏನಾಯಿತು ಎಂಬ ಸುದ್ದಿ. ಸ್ವಯಂಸೇವಕರಿಗೆ ಅವರ ಕೆಲಸದ ವಿವರ ಮಾತ್ರ.

ಜಾಸ್ತಿ ಸಮಯ ಹಿಡಿದದ್ದು ಅಂಕಿಗಳು. "ಇಷ್ಟು ಮಕ್ಕಳಿಗೆ ಪುಸ್ತಕ ತಲುಪಿತು" ಎಂದು ಸುಮ್ನೆ ಬರೆಯುವಂತಿಲ್ಲ. ಅದು ಯಾವ ಅವಧಿಯ ಲೆಕ್ಕ? ಒಂದೇ ಮಗುವನ್ನು ಎರಡು ಸಲ ಎಣಿಸಿದ್ದೇವೆಯೇ? ಕೆಲಸ ಮಾಡಿದ ತಂಡವೇ ನೋಡಿ ಒಪ್ಪಿದ ಮೇಲೆ ಪತ್ರ ಹೊರಡುತ್ತದೆ. ಇದರಿಂದ ತಡವಾಗುತ್ತದೆ, ಆಗಲಿ. ನಂಬಿ ಹಣ ಕೊಟ್ಟವರಿಗೆ ಅಂದಾಜಿನ ಅಂಕಿ ಕೊಡಬಾರದು.

ಎಷ್ಟು ಜನ ತೆರೆದರು ಎಂಬ ಲೆಕ್ಕವನ್ನು ನೆಚ್ಚುವುದು ಬಿಟ್ಟೆವು. ಪತ್ರದೊಳಗಿನ ಚಿತ್ರ ಲೋಡ್ ಆದರೆ ತೆರೆದರು ಎಂದು ಎಣಿಸುವ ಲೆಕ್ಕ ಅದು. 2021ರಲ್ಲಿ ಆಪಲ್ ಮೇಲ್‌ಗೆ ಬಂದ ಗೌಪ್ಯತೆ ಸೌಲಭ್ಯ ಚಿತ್ರಗಳನ್ನು ಮೊದಲೇ ಲೋಡ್ ಮಾಡುತ್ತದೆ. ಹಾಗಾಗಿ ಓದದ ಪತ್ರವೂ ತೆರೆದಂತೆ ಕಾಣುತ್ತದೆ. ಕ್ಲಿಕ್ ಮತ್ತು ಮರುಪತ್ರಗಳೇ ವಾಸಿ.

ಹೊರಹೋಗುವ ಲಿಂಕ್ ಅಡಗಿಸಿಡಿ ಎಂದವರಿಗೆ: ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರು ಪ್ರಚಾರದ ಪತ್ರಗಳಿಂದ ಒಂದೇ ಕ್ಲಿಕ್ಕಿನಲ್ಲಿ ಹೊರಹೋಗಲು ಬಿಡಬೇಕೆಂದು ಜಿಮೇಲ್ 2024ರಿಂದ ನಿಯಮ ಮಾಡಿದೆ. ಸ್ಪ್ಯಾಮ್ ದೂರುಗಳೂ ಶೇ. 0.3 ಮುಟ್ಟಬಾರದು. ನಮ್ಮದು ಸಣ್ಣ ಪಟ್ಟಿಯಾದರೂ ಲಿಂಕನ್ನು ಮೇಲೆಯೇ ಇಟ್ಟಿದ್ದೇವೆ.

ವಾರಕ್ಕೊಂದು ಪತ್ರ ಹಾಗೇ ಮುಂದುವರಿದಿದೆ. ಹೊರಹೋಗುವವರು ಕಡಿಮೆಯಾಗಿದ್ದಾರೆ.