ಬ್ಯಾಣಕ್ಕೆ (ಹುಲ್ಲುಗಾವಲಿಗೆ) ಬಿಡಲು ಹೋದರೆ ಕುದುರೆ ಎಳೆದಾಡುತ್ತದೆ, ದಣಪೆ (ಬೇಲಿಯಲ್ಲಿ ಅಡ್ಡ ಗಳ ಹಾಕಿದ ಬಾಗಿಲು) ಹತ್ತಿರ ಮುಂಗಾಲು ಎತ್ತುತ್ತದೆ. ಏನು ಮಾಡೋದು?

ತೋಟದಮನೆ_ಹೊಸನಗರ:
ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ಕಡೆ. ಮೂರು ತಲೆಮಾರಿನಿಂದ ದನ ಕಟ್ಟಿ ಗೊತ್ತು, ಕುದುರೆ ಮಾತ್ರ ಹೊಸದು. ಮಗಳ ಹಠಕ್ಕೆ ಹೋದ ಬೇಸಿಗೆಯಲ್ಲಿ ಒಂದು ಹೆಣ್ಣು ಕುದುರೆ ತಂದೆವು. ನಾಡತಳಿ, ಎತ್ತರ ಜಾಸ್ತಿ ಇಲ್ಲ, ವಯಸ್ಸು ಎಂಟು ಎಂದು ಕೊಟ್ಟವರು ಹೇಳಿದ್ದು. ಮೊದಲು ಮದುವೆ ಮೆರವಣಿಗೆಗೆ, ಜಾತ್ರೆಗೆ ಹೋಗುತ್ತಿತ್ತಂತೆ.

ಕೊಟ್ಟಿಗೆಯಲ್ಲಿ ಇದ್ದಷ್ಟು ಹೊತ್ತು ಬಂಗಾರದಂಥ ಪ್ರಾಣಿ. ಮೈ ತಿಕ್ಕಿದರೂ ಸುಮ್ಮನೆ, ಕಾಲು ಎತ್ತಿ ಗೊರಸು ನೋಡಿದರೂ ಸುಮ್ಮನೆ. ಬೆಳಿಗ್ಗೆ ಬ್ಯಾಣಕ್ಕೆ ಬಿಡಲು ಹಗ್ಗ ಹಿಡಿದು ಹೊರಟರೆ ಬೇರೆಯೇ ಕುದುರೆ. ಅಂಗಳ ದಾಟುವವರೆಗೆ ಸರಿ ಬರುತ್ತದೆ. ತೋಟದ ಬದಿಯ ದಾರಿಗೆ ಇಳಿದ ಕೂಡಲೇ ಮುಂದೆ ನುಗ್ಗುತ್ತದೆ. ಹೆಗಲಿನಿಂದ ನನ್ನನ್ನು ಅಗಳಿನ (ಬದಿಯ ಕಂದಕದ) ಕಡೆಗೆ ನೂಕುತ್ತದೆ. ದಣಪೆ ಹತ್ತಿರ ಬಂದರೆ ಮುಂಗಾಲು ಎತ್ತಿ ನಿಲ್ಲುತ್ತದೆ. ಒಳಗೆ ಬಿಟ್ಟ ಕ್ಷಣ ತಿರುಗಿ ಹಿಂಗಾಲು ಝಾಡಿಸಿ ಓಡುತ್ತದೆ. ಮೊನ್ನೆ ಗೊರಸು ಕಿವಿ ಪಕ್ಕದಲ್ಲೇ ಹೋಯಿತು. ಕುದುರೆ ಕಂಡರೆ ಕಾಲುನೋವು ಅನ್ನುತ್ತಾರಲ್ಲ, ನಮ್ಮ ಆಳಿಗೆ ಈಗ ಕುದುರೆ ಕಂಡರೆ ಜ್ವರವೇ ಬರುತ್ತದೆ. ಸಂಜೆ ವಾಪಸ್ ಬರುವಾಗ ಏನೂ ತಕರಾರಿಲ್ಲ. ಗೊತ್ತಿದ್ದವರು ದಾರಿ ಹೇಳಿ.

ಸವಾರ_ಸಾಗರ:
ಕಡಿವಾಣ ಹಾಕಿ ಹಿಡಿದುಕೊಂಡು ಹೋಗಿ ಮಾರಾಯ್ರೆ. ಮುಂಗಾಲು ಎತ್ತಿದ ಕೂಡಲೇ ಬಿಗಿಯಾಗಿ ಜಗ್ಗಿ ಎರಡು ಬಾರಿಸಿ. ನಾಲ್ಕು ದಿನದಲ್ಲಿ ದಾರಿಗೆ ಬರುತ್ತದೆ. ಕುದುರೆಗೆ ಸಲಿಗೆ ಕೊಟ್ಟರೆ ತಲೆ ಮೇಲೆ ಕೂರುತ್ತದೆ.

ಲಾಳ_ಗೊರಸು:
ಸಾಗರದವರೇ, ಸ್ವಲ್ಪ ತಡೀರಿ. ಕಡಿವಾಣದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೊಸನಗರದವರೇ, ಮೊದಲು ಇಷ್ಟು ಹೇಳಿ. ಮಳೆಗಾಲದಲ್ಲಿ ಎಷ್ಟು ಹೊತ್ತು ಕಟ್ಟಿ ಹಾಕಿದ್ದಿರಿ? ತಿನ್ನಲು ಏನು, ಯಾವ ಹೊತ್ತಿಗೆ ಕೊಡುತ್ತೀರಿ? ಹಗ್ಗ ಎಲ್ಲಿ, ಹೇಗೆ ಹಿಡಿಯುತ್ತೀರಿ? ದಣಪೆಯ ಗಳ ತೆಗೆಯುವವರು ಯಾರು? ಮುಂಗಾಲು ಎತ್ತುವುದು ಗಳ ಸರಿಸುವ ಮೊದಲೋ, ಸರಿಸುವಾಗಲೋ, ಆಮೇಲೋ? ಈ ಕೊನೆಯ ಪ್ರಶ್ನೆಗೆ ನೆನಪಿಸಿಕೊಂಡು ಉತ್ತರ ಕೊಡಿ, ಅಂದಾಜಿನ ಮೇಲೆ ಬೇಡ.

ತೋಟದಮನೆ_ಹೊಸನಗರ:
ಆಷಾಢ, ಶ್ರಾವಣ ಹೆಚ್ಚುಕಡಿಮೆ ಪೂರ್ತಿ ಕೊಟ್ಟಿಗೆಯಲ್ಲೇ. ನಮ್ಮ ಕಡೆ ಮಳೆ ಗೊತ್ತಲ್ಲ, ಹೊರಗೆ ಬಿಡುವ ಮಾತೇ ಇಲ್ಲ. ಈಗ ಮಳೆ ಇಳಿದ ಮೇಲೆ ಬ್ಯಾಣಕ್ಕೆ ಬಿಡಲು ಶುರು ಮಾಡಿದ್ದು. ಬೆಳಿಗ್ಗೆ ಒಂದು ಸೇರು ಹುರುಳಿ ಬೇಯಿಸಿ ಕೊಡುತ್ತೇವೆ, ಸಂಜೆ ಒಂದು ಸೇರು. ರಾತ್ರಿ ಒಣಹುಲ್ಲು. ಬೆಳಿಗ್ಗೆ ಹುಲ್ಲು ಹಾಕುವುದಿಲ್ಲ, ಹೇಗೂ ಬ್ಯಾಣದಲ್ಲಿ ಮೇಯುತ್ತದೆ ಎಂದು.

ಹಗ್ಗ ಗಲ್ಲದ ಕೆಳಗೆ ಗಿಡ್ಡವಾಗಿ ಹಿಡಿಯುತ್ತೇನೆ, ಉಳಿದದ್ದನ್ನು ಕೈಗೆ ಸುತ್ತಿಕೊಳ್ಳುತ್ತೇನೆ. ಹೋರಿ ಹಿಡಿಯುವುದು ಹಾಗೇ ಅಲ್ವಾ. ಗಳ ತೆಗೆಯುವುದೂ ನಾನೇ. ಮೂರು ಬಿದಿರಿನ ಗಳ ಇವೆ. ಒಂದು ಕೈಯಲ್ಲಿ ಕುದುರೆ, ಇನ್ನೊಂದು ಕೈಯಲ್ಲಿ ಗಳ. ಈಗ ಯೋಚಿಸಿದರೆ, ಎತ್ತುವುದು ಗಳ ಎಳೆಯುವಾಗಲೇ. ಮೇಲಿನ ಗಳ ಸರಿಸುವಷ್ಟರಲ್ಲಿ ಶುರು.

ಲಾಳ_ಗೊರಸು:
ಹಾಗಿದ್ದರೆ ಇದು ಬರೀ ತುಂಟತನ ಅಲ್ಲ ಅನ್ನಿಸುತ್ತದೆ. ಮೆರವಣಿಗೆ ಕುದುರೆ ಎಂದಿರಿ. ಅಂಥ ಕುದುರೆಗಳಿಗೆ ಡೋಲಿಗೆ ಕುಣಿಯುವುದನ್ನು ಕಲಿಸಿರುವುದುಂಟು. ಬಾಯಿ ಹತ್ತಿರ ಬಿಗಿ ಹಿಡಿದು ಮೇಲಕ್ಕೆ ಒತ್ತಡ ಕೊಟ್ಟರೆ, ಜೊತೆಗೆ ಸದ್ದಾದರೆ, ಮುಂಗಾಲು ಎತ್ತಬೇಕು. ನೀವು ಏನು ಮಾಡುತ್ತಿದ್ದೀರಿ ನೋಡಿ. ಗಲ್ಲದ ಕೆಳಗೆ ಗಿಡ್ಡ ಹಗ್ಗ. ಗಳ ಎಳೆಯಲು ಬಗ್ಗಿದಾಗ ಆ ಕೈ ತಾನಾಗಿ ಬಿಗಿಯಾಗುತ್ತದೆ. ಕಂಬದ ತೂತಿನಲ್ಲಿ ಬಿದಿರು ಕಟಕಟ ಅನ್ನುತ್ತದೆ. ನೀವು ದಣಪೆ ತೆಗೆಯುತ್ತಿದ್ದೀರಿ, ಅದಕ್ಕೆ ಮದುವೆ ದಿಬ್ಬಣ ಹೊರಟಿದೆ!

ಇದು ನಿಜವೋ ಅಲ್ಲವೋ ಪರೀಕ್ಷಿಸುವುದು ಸುಲಭ. ನಾಳೆ ಕುದುರೆ ಹೊರಡಿಸುವ ಮೊದಲೇ ಯಾರಾದರೂ ಹೋಗಿ ಮೂರೂ ಗಳ ತೆಗೆದು ಬದಿಗಿಡಲಿ. ನೀವು ಹಗ್ಗ ಸಡಿಲ ಬಿಟ್ಟು, ದಣಪೆಯಲ್ಲಿ ನಿಲ್ಲದೆ ನೇರ ಒಳಗೆ ನಡೆಯಿರಿ. ಮುಂಗಾಲು ಎತ್ತಲಿಲ್ಲ ಅಂದರೆ ಉತ್ತರ ಸಿಕ್ಕಿತು.

ಕಡಿವಾಣ ಬೇಡ ಎನ್ನುವುದೂ ಇದಕ್ಕೇ. ಮುಂಗಾಲು ಎತ್ತಿದ ಕುದುರೆಯನ್ನು ಬಾಯಿಂದ ಜಗ್ಗಿದರೆ ಇನ್ನೂ ಮೇಲೇಳುತ್ತದೆ. ತೂಕ ತಪ್ಪಿದರೆ ಹಿಂದಕ್ಕೆ ಮಗುಚಿ ಬೀಳುತ್ತದೆ. ಹಾಗೆ ಬಿದ್ದು ಬೆನ್ನು, ನೆತ್ತಿ ಒಡೆದುಕೊಳ್ಳುವ ಕುದುರೆಗಳಿವೆ. ಎದ್ದಾಗ ಹಗ್ಗ ಬಿಟ್ಟುಕೊಡಿ, ಕೈ ಬಿಡಬೇಡಿ, ಪಕ್ಕಕ್ಕೆ ಸರಿಯಿರಿ. ಎದುರಿಗೆ ಮಾತ್ರ ನಿಲ್ಲಬೇಡಿ, ಮುಂಗಾಲು ಕೆಳಗೆ ಬರುವುದೇ ಅಲ್ಲಿಗೆ.

ಇನ್ನು ಹಗ್ಗ. ದನ ಹಿಡಿಯುವ ಕೈಯಲ್ಲಿ ಕುದುರೆ ಹಿಡಿದರೆ ಆಗುವುದೇ ಇಷ್ಟು. ಹೋರಿಗೆ ಮೂಗುದಾರ ಇದೆ, ಜಗ್ಗಿದರೆ ನೋವಿಗೆ ಬಗ್ಗುತ್ತದೆ. ಕುದುರೆಯ ಮುಖಕ್ಕೆ ಇರುವುದು ಬರೀ ಹಾಲ್ಟರ್, ಅಂದರೆ ತಲೆಗೆ ಹಾಕುವ ಪಟ್ಟಿ. ಒಂದೇ ಸಮನೆ ಎಳೆದರೆ ಅದು ಎದುರು ಎಳೆಯುತ್ತದೆ, ಅದರ ಸ್ವಭಾವವೇ ಹಾಗೆ. ಎಳೆದಾಟದಲ್ಲಿ ಮನುಷ್ಯ ಗೆಲ್ಲುವುದಿಲ್ಲ. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದನ್ನಂತೂ ಇವತ್ತೇ ನಿಲ್ಲಿಸಿ. ಕುದುರೆ ಓಡಿತು ಎಂದಿಟ್ಟುಕೊಳ್ಳಿ, ಬೆರಳು ಹೋಗುತ್ತದೆ, ಇಲ್ಲ ನಿಮ್ಮನ್ನೇ ಎಳೆದೊಯ್ಯುತ್ತದೆ.

ಹೀಗೆ ಹಿಡಿಯಿರಿ. ಹತ್ತು ಅಡಿಗಿಂತ ಕಡಿಮೆ ಇಲ್ಲದ ದಪ್ಪ ಹತ್ತಿ ಹಗ್ಗ. ನೈಲಾನ್ ಬೇಡ, ಅಂಗೈ ಸುಡುತ್ತದೆ. ಕುದುರೆಯ ಎಡಗಡೆ, ಅದರ ತಲೆ ಮತ್ತು ಹೆಗಲಿನ ನಡುವೆ, ಒಂದು ತೋಳು ದೂರದಲ್ಲಿ ನೀವು. ಬಲಗೈ ಹಾಲ್ಟರಿನಿಂದ ಒಂದಡಿ ಕೆಳಗೆ, ಹಗ್ಗ ಅಲ್ಲಿ ಸ್ವಲ್ಪ ಜೋತು ಬಿದ್ದಿರಬೇಕು. ಉಳಿದ ಹಗ್ಗವನ್ನು ಮಡಿಕೆ ಮಡಿಕೆಯಾಗಿ ಎಡಗೈಯಲ್ಲಿ. ಮಡಿಕೆಯಾದರೆ ಕುದುರೆ ಎಳೆದಾಗ ಜಾರಿಕೊಂಡು ಹೋಗುತ್ತದೆ, ಸುತ್ತಿದರೆ ಬಿಗಿಯುತ್ತದೆ. ಕೈಗೆ ಗ್ಲೌಸ್, ಕಾಲಿಗೆ ಬೂಟು. ಹವಾಯಿ ಚಪ್ಪಲಿಯಲ್ಲಿ ಕುದುರೆ ಹಿಡಿಯುವವರನ್ನು ಕಂಡರೆ ನನಗೆ ಎದೆ ಝಲ್ ಅನ್ನುತ್ತದೆ.

ಪಾಠ ಹೇಳಿಕೊಡುವುದು ತೋಟದ ದಾರಿಯಲ್ಲಲ್ಲ, ಅಂಗಳದಲ್ಲಿ. ಅಡಿಕೆ ಒಣಹಾಕುವ ಅಂಗಳ ಈಗ ಖಾಲಿಯೇ ಇರುತ್ತದಲ್ಲ. ಪಾಚಿ ಕಟ್ಟಿದ್ದರೆ ಮೊದಲು ಕೆರೆಸಿ. ಅಲ್ಲಿ ನಾಲ್ಕು ಹೆಜ್ಜೆ ನಡೆಸಿ, ನಿಲ್ಲಿ. ಅದು ನಿಲ್ಲದೆ ಮುಂದೆ ಹೋದರೆ ಹಗ್ಗವನ್ನು ಹಿಂದಕ್ಕೆ, ಅದರ ಎದೆಯ ಕಡೆಗೆ ಮೆಲ್ಲಗೆ ಒತ್ತಿ. ಮೈಭಾರ ಹಿಂದಕ್ಕೆ ವಾಲಿದ ಆ ಗಳಿಗೆಯಲ್ಲೇ ಕೈ ಸಡಿಲ. ಎಲ್ಲಾ ಗುಟ್ಟು ಈ ಸಡಿಲ ಬಿಡುವುದರಲ್ಲಿದೆ. ಒತ್ತಡ ಹೋಯಿತು ಅಂದರೆ ಮಾಡಿದ್ದು ಸರಿ ಎಂದು ಕುದುರೆಗೆ ಅರ್ಥವಾಗುತ್ತದೆ. ತಡವಾಗಿ ಬಿಟ್ಟರೆ ಅರ್ಥವಾಗುವುದಿಲ್ಲ. ಅದು ನುಗ್ಗುತ್ತಿರುವಾಗ ಬಿಟ್ಟಿರೋ, ನುಗ್ಗಿದರೆ ಬಿಡುತ್ತಾರೆ ಎಂದು ಕಲಿಯುತ್ತದೆ.

ಆಮೇಲೆ ಎರಡು ಹೆಜ್ಜೆ ಹಿಂದೆ ನಡೆಸುವುದು, ತಲೆ ತಗ್ಗಿಸುವುದು. ತಲೆ ತಗ್ಗಿಸಲು ಹಗ್ಗವನ್ನು ನೇರ ಕೆಳಕ್ಕೆ ಹಗುರವಾಗಿ ಹಿಡಿದು ಕಾಯಿರಿ. ಬೆರಳಗಲ ತಗ್ಗಿದರೂ ಬಿಡಿ, ಜೂಲಿನ ಬುಡದಲ್ಲಿ ಕೆರೆಯಿರಿ. ತಲೆ ಕೆಳಗಿದ್ದ ಕುದುರೆಗೆ ಮುಂಗಾಲು ಎತ್ತುವುದು ಕಷ್ಟ. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಬೇಸರ ಬರುವ ಮೊದಲೇ ನಿಲ್ಲಿಸಿ.

ದಾರಿಯಲ್ಲಿ ನುಗ್ಗಿದರೆ ಹಿಂದಕ್ಕೆ ಜಗ್ಗುವ ಬದಲು ಮುಖವನ್ನು ನಿಮ್ಮ ಕಡೆ ತಿರುಗಿಸಿ. ಸಣ್ಣ ಸುತ್ತು ಹೊಡೆಸಿ ಮತ್ತೆ ಹೊರಡಿ. ಅಗಳಿನ ಪಕ್ಕ ಜಾಗವಿಲ್ಲದ ಕಡೆ ಮಾತ್ರ ಇದು ಬೇಡ. ಅಲ್ಲಿ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ನಡೆಸಿ, ಮುಂದೆ ಹೋಗಿ. ಸಾಧ್ಯವಾದರೆ ಅಗಳು ಕುದುರೆಯ ಕಡೆಗಿರಲಿ, ನಿಮ್ಮ ಕಡೆಗಲ್ಲ. ಅದಕ್ಕಾಗಿ ಬಲಗಡೆಯಿಂದಲೂ ಹಿಡಿದು ನಡೆಸುವ ಅಭ್ಯಾಸವನ್ನು ಅಂಗಳದಲ್ಲೇ ಮಾಡಿಸಿ.

ತೀರ್ಥಹಳ್ಳಿ_ಅಕ್ಕ:
ಲಾಳದವರು ಹೇಳಿದ್ದು ಸರಿ. ಆದರೆ ನನ್ನ ಪ್ರಕಾರ ಅರ್ಧ ಗಲಾಟೆ ಹುರುಳಿಯದ್ದು. ಕೆಲಸವಿಲ್ಲದೆ ಕಟ್ಟಿ ಹಾಕಿದ ಕುದುರೆಗೆ ದಿನಕ್ಕೆ ಎರಡು ಸೇರು ಯಾಕೆ? ಅದಕ್ಕೆ ಮುಖ್ಯವಾಗಿ ಬೇಕಾದದ್ದು ನಾರು. ಒಣ ಮೇವಿನ ಲೆಕ್ಕದಲ್ಲಿ ಮೈತೂಕದ ಶೇ. 1.5ರಿಂದ 2 ಇರಬೇಕು. 250 ಕೆಜಿ ಕುದುರೆ ಎಂದರೆ ದಿನಕ್ಕೆ ಸುಮಾರು 4ರಿಂದ 5 ಕೆಜಿ. ಕುದುರೆಯ ಹೊಟ್ಟೆ ಸಣ್ಣದು, ದನದ ಹಾಗೆ ತಿಂದು ಮಲಗಿ ಮೆಲುಕು ಹಾಕುವ ಪ್ರಾಣಿ ಅಲ್ಲ. ಸ್ವಲ್ಪ ಸ್ವಲ್ಪ ತಿನ್ನುತ್ತಲೇ ಇರಬೇಕು.

ನೀವು ರಾತ್ರಿ ಹಾಕಿದ ಹುಲ್ಲು ನಡುರಾತ್ರಿಗೇ ಮುಗಿದಿರುತ್ತದೆ. ಬೆಳಿಗ್ಗೆ ಹುರುಳಿ ತಿಂದು ಬಿಸಿಯೇರಿದೆ, ಎದುರಿಗೆ ಹಸಿರು ಬ್ಯಾಣ. ನುಗ್ಗದೆ ಇನ್ನೇನು ಮಾಡೀತು ಪಾಪ. ಹೊರಡುವ ಅರ್ಧ ಗಂಟೆ ಮೊದಲು ಒಂದು ಹೊರೆ ಒಣಹುಲ್ಲೋ ಕರಡವೋ (ಬ್ಯಾಣದ ಒಣಗಿದ ಹುಲ್ಲು) ಹಾಕಿ. ಬೆಳಗಿನ ಹುರುಳಿ ನಿಲ್ಲಿಸಿ, ಸಂಜೆಯದನ್ನೂ ಇಳಿಸಿ. ಒಂದೇ ದಿನ ಬೇಡ, ವಾರ ಹತ್ತು ದಿನದಲ್ಲಿ. ಹಸಿಹುಲ್ಲನ್ನೂ ಹಾಗೇ ಮೆಲ್ಲಗೆ ಜಾಸ್ತಿ ಮಾಡಿ, ಮೊದಲು ಒಂದೆರಡು ಗಂಟೆ ಬಿಟ್ಟು ಕರೆತನ್ನಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಮೇವು ಏಕಾಏಕಿ ಬದಲಾಗಿ ಹೊಟ್ಟೆಶೂಲೆ ಬಂದರೆ ಜೀವಕ್ಕೇ ಸಂಚಕಾರ.

ಬ್ಯಾಣದಲ್ಲಿ ಜೊತೆಗೆ ಯಾರಿದ್ದಾರೆ? ಒಂಟಿ ಕುದುರೆ ಯಾವಾಗಲೂ ಗಾಬರಿಯಲ್ಲೇ ಇರುತ್ತದೆ. ಸಾಧು ಸ್ವಭಾವದ ಹಸು ಒಂದನ್ನು ಮೊದಲೇ ಬಿಟ್ಟಿರಿ. ಹಾಯುವ ಎಮ್ಮೆ ಬೇಡ. ಬೆದೆಗೆ ಬರುವ ತಾರೀಕೂ ಬರೆದಿಡಿ. ಸುಮಾರು 21 ದಿನಕ್ಕೊಮ್ಮೆ ಬರುತ್ತದೆ, ಆ ದಿನಗಳಲ್ಲಿ ಕೆಲವು ಹೆಣ್ಣು ಕುದುರೆಗಳು ಕಿರಿಕಿರಿ ಮಾಡುತ್ತವೆ.

ಮತ್ತೆ, ಮಲೆನಾಡಿನವರು ಮರೆಯಬಾರದ್ದು ಉಂಬಳ, ಅಂದರೆ ಜಿಗಣೆ. ಗೊರಸಿನ ಮೇಲಿನ ಕೂದಲೊಳಗೆ ಸೇರಿಕೊಂಡರೆ ಕಾಣುವುದೇ ಇಲ್ಲ, ಕುದುರೆ ಕಾಲು ಬಡಿಯುತ್ತಾ ಹಾರಾಡುತ್ತದೆ. ಉಪ್ಪುನೀರು ಹಚ್ಚಿ ಬಿಡಿಸಿ.

ಪಶುಮಿತ್ರ_ಶಿವಮೊಗ್ಗ:
ಗೊರಸಿನ ಬಗ್ಗೆ ಒಂದು ಮಾತು. ಎರಡು ತಿಂಗಳು ಒದ್ದೆ ಕೊಟ್ಟಿಗೆಯಲ್ಲಿ ನಿಂತ ಕುದುರೆ. ಗೊರಸಿನ ಅಡಿಯಲ್ಲಿ ಮಧ್ಯದ ಮೆತ್ತನೆಯ ತ್ರಿಕೋನ ಇದೆಯಲ್ಲ, ಅದರ ಪಕ್ಕದ ಸೀಳು ಕೆರೆದು ಮೂಸಿ ನೋಡಿ. ಕಪ್ಪಗೆ ಜಿಗುಟಾಗಿ ಕೆಟ್ಟ ವಾಸನೆ ಬಂದರೆ ಕೊಳೆಯಲು ಶುರುವಾಗಿದೆ ಎಂದರ್ಥ. ಅಂಗಳದ ಸಗಣಿ ನೆಲದಲ್ಲಿ ಸರಿಯಾಗಿ ನಡೆದು, ಜಂಬಿಟ್ಟಿಗೆ ಕಲ್ಲಿನ ದಾರಿಗೆ ಬಂದಾಗ ಗಲಾಟೆ ಮಾಡುತ್ತದೆ ಎಂದರೆ ನೋವೂ ಇರಬಹುದು. ದಿನಾ ಕೆರೆದು ಒಣಗಿಸುವುದು, ಒಣ ನೆಲ, ಇವೇ ಮುಖ್ಯ ಮದ್ದು. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯಲು ತಂದ ಮೈಲುತುತ್ತ ಮನೆಯಲ್ಲಿದೆ ಎಂದು ಗಟ್ಟಿಯಾಗಿ ಕಲಸಿ ಸುರಿಯಬೇಡಿ, ಜೀವವಿರುವ ಭಾಗ ಸುಡುತ್ತದೆ. ಯಾವ ಔಷಧ, ಎಷ್ಟು ಎನ್ನುವುದನ್ನು ವೈದ್ಯರನ್ನು ಕೇಳಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಹೇಗೂ ವೈದ್ಯರು ಬಂದಾಗ ಧನುರ್ವಾಯು ಲಸಿಕೆ ಆಗಿದೆಯೋ ಕೇಳಿಕೊಳ್ಳಿ, ಕುದುರೆಗಳಿಗೆ ಅದರ ಅಪಾಯ ಜಾಸ್ತಿ. ಗೊರಸು ಕತ್ತರಿಸುವುದು 6ರಿಂದ 8 ವಾರಕ್ಕೊಮ್ಮೆ.

ಸವಾರ_ಸಾಗರ:
ಅಲ್ಲಾ, ಇಷ್ಟೆಲ್ಲ ಉಪಚಾರ ಮಾಡುತ್ತಾ ಕೂತರೆ ಕುದುರೆಗೆ ಹೆದರಿಕೆ ಎಲ್ಲಿರುತ್ತದೆ? ನಮ್ಮ ಅಜ್ಜನ ಕಾಲದಲ್ಲಿ ಒಂದು ಬಾರುಕೋಲು ಸಾಕಿತ್ತು.

ಲಾಳ_ಗೊರಸು:
ಹೆದರಿಕೆ ಈಗಲೇ ಬೇಕಾದಷ್ಟಿದೆ ಸಾಗರದವರೇ, ಬೇಕಾದದ್ದು ತಿಳಿವಳಿಕೆ. ಶಿಸ್ತು ಬೇಡ ಎಂದು ನಾನು ಹೇಳಿಲ್ಲ. ಹೆಗಲಿನಿಂದ ನೂಕಿದರೆ ಮೊಣಕೈ ಅಡ್ಡ ಇಟ್ಟು ದೂರ ಸರಿಸಿ, ಅದರಲ್ಲಿ ದಾಕ್ಷಿಣ್ಯ ಬೇಡ. ಆದರೆ ಬಾಲ ಮುದುಡಿ ಹೆದರಿದ ಕುದುರೆಗೆ ಹೊಡೆದರೆ, ದಣಪೆ ಎಂದರೆ ಹೊಡೆತ ತಿನ್ನುವ ಜಾಗ ಎಂದಷ್ಟೇ ಅದು ನೆನಪಿಟ್ಟುಕೊಳ್ಳುತ್ತದೆ.

ತೋಟದಮನೆ_ಹೊಸನಗರ:
ವರದಿ ಒಪ್ಪಿಸುತ್ತಿದ್ದೇನೆ. ಗಳ ಮೊದಲೇ ತೆಗೆದಿಟ್ಟು, ಹಗ್ಗ ಸಡಿಲ ಬಿಟ್ಟು ನಡೆಸಿದೆ. ಮುಂಗಾಲು ಎತ್ತಲೇ ಇಲ್ಲ! ಅನುಮಾನಕ್ಕೆ ಮಗಳು ಅಂಗಳದಲ್ಲಿ ಎರಡು ಕೋಲು ಕಟಕಟ ಬಡಿದು ನೋಡಿದಳು. ಸಡಿಲ ಹಗ್ಗದಲ್ಲಿ ಕಿವಿ ನಿಮಿರಿಸಿತು ಅಷ್ಟೆ. ಗಲ್ಲದ ಕೆಳಗೆ ನಾನು ಬಿಗಿ ಮಾಡಿದ ಕೂಡಲೇ ಕಾಲು ಕುಣಿಸಲು ಶುರು. ಹಿಂದಿನವರಿಗೆ ಫೋನ್ ಮಾಡಿ ಕೇಳಿದರೆ, ‘ಹೌದಲ್ಲ, ಚೆನ್ನಾಗಿ ಕುಣಿಯುತ್ತೆ’ ಎಂದು ನಕ್ಕರು. ಮಾರುವಾಗ ಹೇಳಲು ಏನಾಗಿತ್ತೋ.

ಹುರುಳಿ ಇಳಿಸುತ್ತಿದ್ದೇವೆ, ಬೆಳಿಗ್ಗೆ ಕರಡ ಹಾಕುತ್ತೇವೆ, ನುಗ್ಗುವುದು ಕಡಿಮೆಯಾಗಿದೆ. ಎಡ ಮುಂಗಾಲಿನ ಗೊರಸಿನಲ್ಲಿ ವಾಸನೆ ಇತ್ತು, ವೈದ್ಯರು ನೋಡಿ ಔಷಧ ಕೊಟ್ಟಿದ್ದಾರೆ. ಆದರೆ ಒಳಗೆ ಬಿಡುವಾಗ ಒದೆಯುವುದು ಹಾಗೇ ಇದೆ. ಇನ್ನೊಂದು, ಸಂಜೆ ಹಿಡಿಯಲು ಸುಲಭವಾಗಲಿ ಎಂದು ಹಾಲ್ಟರ್ ಮುಖದಲ್ಲೇ ಬಿಡಬಹುದಾ?

ಲಾಳ_ಗೊರಸು:
ಒದೆಯುವುದು ನಿಮಗಲ್ಲ, ಖುಷಿಗೆ. ಆದರೆ ಗೊರಸಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಳಗೆ ಹೋದ ಮೇಲೆ ಹತ್ತು ಹೆಜ್ಜೆ ನಡೆಸಿ, ಪೂರ್ತಿ ತಿರುಗಿಸಿ. ಅದರ ಮುಖ ದಣಪೆ ಕಡೆ ಬರಬೇಕು, ನಿಮ್ಮ ಬೆನ್ನು ದಣಪೆಗೆ. ನೆಲದ ಮೇಲೆ ಒಂದು ಹಿಡಿ ಹುಲ್ಲು ಹಾಕಿ, ತಲೆ ತಗ್ಗಿಸಿ ತಿನ್ನಲು ಬಿಡಿ. ಹಾಲ್ಟರ್ ಬಿಚ್ಚಿ, ನೀವೇ ಮೊದಲು ಹಿಂದೆ ಹಿಂದೆ ಹೆಜ್ಜೆ ಇಟ್ಟು ದೂರ ಸರಿಯಿರಿ. ಓಡಬೇಕೆಂದರೆ ಅದು ತಿರುಗಲೇಬೇಕು, ಅಷ್ಟರಲ್ಲಿ ನೀವು ಒದೆಗೆ ಸಿಗದಷ್ಟು ದೂರ ಇರುತ್ತೀರಿ. ಬಿಚ್ಚಿದ ಮೇಲೆ ಬೆನ್ನು ತಟ್ಟಿ ಓಡಿಸುವ ಚಾಳಿ ಮನೆಯಲ್ಲಿ ಯಾರಿಗಾದರೂ ಇದ್ದರೆ ಬಿಡಿಸಿ.

ಹಾಲ್ಟರ್ ಮುಖದಲ್ಲಿ ಬಿಡಬೇಡಿ. ಬ್ಯಾಣದಲ್ಲಿ ಮರದ ಕುಂಟೆ, ಬೇಲಿ ಗೂಟ ಎಲ್ಲಾ ಇರುತ್ತದೆ, ಮುಖ ಉಜ್ಜಲು ಹೋಗಿ ಸಿಕ್ಕಿಹಾಕಿಕೊಂಡರೆ ನೈಲಾನ್ ಹರಿಯುವುದಿಲ್ಲ. ಕಿವಿ ಕೆರೆಯಲು ಹೋದ ಹಿಂಗಾಲೂ ಸಿಕ್ಕಿಕೊಳ್ಳಬಹುದು. ಸಂಜೆ ಹಿಡಿಯಲು, ನೀವು ಹೇಗೂ ಕೊಡುವ ಆ ಹುರುಳಿಯನ್ನು ಡಬ್ಬಿಗೆ ಹಾಕಿ ದಣಪೆ ಹತ್ತಿರ ನಿಂತು ಅಲ್ಲಾಡಿಸಿ. ಹಸುಗಳೂ ಓಡಿ ಬರುತ್ತವೆ, ಅದಕ್ಕೆ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ.