ಥರ್ಮಲ್ ಡ್ರೋನ್ ಹಾರಿಸಿದರೂ ಕಾಡಿನಲ್ಲಿದ್ದವರು ಕಾಣಲಿಲ್ಲವೇಕೆ?

ಪ್ರಶ್ನೆ:
ನಮಸ್ಕಾರ. ಕಳೆದ ಮಳೆಗಾಲದಲ್ಲಿ ಉಪ್ಪಾಗೆ ಹಣ್ಣು ಆರಿಸಲು ಕಾಡಿಗೆ ಹೋದ ನಮ್ಮೂರಿನ ಹಿರಿಯರೊಬ್ಬರು ಸಂಜೆಯಾದರೂ ಮರಳಲಿಲ್ಲ. ಮರುದಿನ ಮಧ್ಯಾಹ್ನ ಮಳೆ ಬಿಟ್ಟು ಬಿಸಿಲು ಬಂದಾಗ, ಥರ್ಮಲ್ ಕ್ಯಾಮೆರಾ ಇರುವ ಡ್ರೋನನ್ನು ತರಿಸಿ, ಬ್ಯಾಟರಿ ಬದಲಿಸುತ್ತಾ ಎರಡು ಗಂಟೆ 120 ಮೀಟರ್ ಎತ್ತರದಲ್ಲಿ ಹಾರಿಸಿದೆವು. ಏನೂ ಕಾಣದ್ದರಿಂದ ಆ ಭಾಗ ಮುಗಿಯಿತೆಂದು ನಕ್ಷೆಯಲ್ಲಿ ಗುರುತಿಸಿ ಪಕ್ಕದ ಗುಡ್ಡಕ್ಕೆ ಹೋದೆವು. ಮೂರನೆಯ ದಿನ ಅವರು ಸಿಕ್ಕಿದ್ದು ನಾವು ಬಿಟ್ಟುಬಂದ ಜಾಗದಲ್ಲೇ. ಹಳ್ಳದಂಚಿನ ಮರದ ಬುಡದಲ್ಲಿ ಒದ್ದೆ ಕಂಬಳಿ ಹೊದ್ದು, ಕಾಲು ಉಳುಕಿ ಕುಳಿತಿದ್ದರು. ತಪ್ಪು ಕ್ಯಾಮೆರಾದ್ದೋ, ಹಾರಿಸಿದ ನಮ್ಮದೋ?

ಉತ್ತರ 1:
ಹಿರಿಯರು ಜೀವಂತ ಸಿಕ್ಕಿದ್ದು ದೊಡ್ಡ ಸಮಾಧಾನ. ಥರ್ಮಲ್ ಕ್ಯಾಮೆರಾ ಎಲೆಯನ್ನಾಗಲಿ ಬಟ್ಟೆಯನ್ನಾಗಲಿ ದಾಟಿ ನೋಡುವುದಿಲ್ಲ. ಸಾಮಾನ್ಯವಾಗಿ 8ರಿಂದ 14 ಮೈಕ್ರೋಮೀಟರ್ ತರಂಗಾಂತರದ ಅವಕೆಂಪು ವಿಕಿರಣವನ್ನು ಗ್ರಹಿಸುವ ಅದು ಎದುರಿಗಿರುವ ಮೇಲ್ಮೈಯ ಶಾಖವನ್ನಷ್ಟೇ ತೋರಿಸುತ್ತದೆ; ಒದ್ದೆ ಕಂಬಳಿಯ ಮೇಲ್ಮೈ ಸುತ್ತಲಿನ ನೆಲದಷ್ಟೇ ತಣ್ಣಗಿರಬಹುದು. ಬಿಸಿಲಿಗೆ ಕಾದ ಬಂಡೆಗಳು ಮೈಯಷ್ಟೇ ಬೆಚ್ಚಗಾಗುವ ಮಧ್ಯಾಹ್ನಕ್ಕಿಂತ, ನೆಲ ಪೂರ್ತಿ ತಣಿದಿರುವ ನಸುಕು ಎಷ್ಟೋ ಮೇಲು. ಎತ್ತರವನ್ನೂ ಲೆಕ್ಕ ಹಾಕಿ: 640×512 ಪಿಕ್ಸೆಲ್‌ಗಳ, ಒಂದೊಂದು ಪಿಕ್ಸೆಲ್ 12 ಮೈಕ್ರೋಮೀಟರ್ ಅಗಲವಿರುವ ಸೆನ್ಸರ್, 13.5 ಮಿಲಿಮೀಟರ್ ಲೆನ್ಸ್ ಇದ್ದರೆ 120 ಮೀಟರ್ ಎತ್ತರದಿಂದ ಒಂದು ಪಿಕ್ಸೆಲ್ ನೆಲದ ಸುಮಾರು 11 ಸೆಂಟಿಮೀಟರ್ ಅಗಲಕ್ಕೆ ಸಮ. ಬಯಲಲ್ಲಿ ಮಲಗಿದ ಮನುಷ್ಯನೂ ಹದಿನೈದು ಪಿಕ್ಸೆಲ್ ಉದ್ದದ ಗೆರೆಯಾಗುತ್ತಾನೆ. ಎಲೆಗಳ ಸಂದಿಯಲ್ಲಿ ಅದರ ಎರಡು ಮೂರು ಚುಕ್ಕೆ ಕಂಡರೆ ಹೆಚ್ಚು. ಮರದ ತುದಿಗಳಿಂದ ಸುರಕ್ಷಿತ ಅಂತರ ಉಳಿಸಿಕೊಂಡು 60 ಮೀಟರಿಗೆ ಇಳಿದರೆ ವಿವರ ಇಮ್ಮಡಿಯಾಗುತ್ತದೆ, ಆದರೆ ಒಮ್ಮೆಗೆ ಕಾಣುವ ಪಟ್ಟಿ 34 ಮೀಟರಿನಷ್ಟೇ.

ಉತ್ತರ 2:
ಎಲೆಗಳ ಸಂದಿ ಪ್ರತಿ ಕೋನಕ್ಕೂ ಬದಲಾಗುತ್ತದೆ. ಆಸ್ಟ್ರಿಯಾದ ಲಿಂಟ್ಸ್‌ನಲ್ಲಿರುವ ಯೋಹಾನೆಸ್ ಕೆಪ್ಲರ್ ವಿಶ್ವವಿದ್ಯಾಲಯದ ಸಂಶೋಧಕರು ಹಾರಾಟದುದ್ದಕ್ಕೂ ತೆಗೆದ ಅನೇಕ ಥರ್ಮಲ್ ಚಿತ್ರಗಳನ್ನು ನೆಲದ ಮಟ್ಟಕ್ಕೆ ಹೊಂದಿಸಿ ಒಂದಾಗಿಸುತ್ತಾರೆ. ಆಗ ಕೊಂಬೆಗಳು ಮಸುಕಾಗಿ ಕೆಳಗಿನ ಮನುಷ್ಯ ಉಳಿಯುತ್ತಾನೆ. ಆ ಸಾಫ್ಟ್‌ವೇರ್ ಇಲ್ಲದಿದ್ದರೂ ಒಂದೇ ಜಾಗವನ್ನು ಬೇರೆ ದಿಕ್ಕಿನಿಂದ, ಕ್ಯಾಮೆರಾ ಓರೆ ಮಾಡಿ ಮತ್ತೊಮ್ಮೆ ನೋಡಬಹುದು. ನನ್ನ ಮಟ್ಟಿಗೆ ದೊಡ್ಡ ತಪ್ಪು ನಕ್ಷೆಯಲ್ಲಾಗಿದೆ. ದಟ್ಟ ಕಾಡಿನಲ್ಲಿ "ಕಾಣಲಿಲ್ಲ" ಎಂಬುದನ್ನು "ಇಲ್ಲ" ಎಂದು ದಯವಿಟ್ಟು ಗುರುತಿಸಬೇಡಿ. ಅಲ್ಲಿಗೆ ನಡೆದು ಹುಡುಕುವವರನ್ನು ಕಳುಹಿಸಲೇಬೇಕು. ಅಂದಹಾಗೆ, ಆ ಹಿರಿಯರಿಗೆ ಡ್ರೋನಿನ ಸದ್ದು ಕೇಳಿಸಿತ್ತೇ?

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಇವತ್ತು ಅವರ ಮನೆಗೆ ಹೋಗಿ ಕೇಳಿದೆ. ಕೇಳಿಸಿತ್ತಂತೆ, ಹೆಜ್ಜೇನು ಎದ್ದಿದೆಯೆಂದುಕೊಂಡು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡರಂತೆ. ಈ ಸಲ ಉಪ್ಪಾಗೆಗೆ ಹೊರಡುವವರೆಲ್ಲರನ್ನೂ ಮೊದಲೇ ಶಾಲೆಯ ಬಯಲಿಗೆ ಕರೆದು, ಡ್ರೋನ್ ಹಾರಿಸಿ, ಅದರ ಸದ್ದು ಕೇಳಿಸುತ್ತೇವೆ.